ಕುದುರೆ ಎಣ್ಣೆ

ಆ ಸೀಮೆಗೆ ಜುಲೈ ಎಂದರೆ ಚಳಿಗಾಲ; ತೆಂಕಣದ ಕೊರೆಯುವ ಗಾಳಿ ಮೂರು ದಿನದಿಂದ ಬಿಡದೆ ಬೀಸುತ್ತಿತ್ತು. ಹುಣ್ಣಿಮೆ ಕಳೆದು ಐದು ದಿನವಾಗಿ ಚಂದ್ರ ಸವೆಯತೊಡಗಿದ್ದರಿಂದ ಲಾ ಪೊರ್ಫಿಯಾ ಹಟ್ಟಿಯ ದೊಡ್ಡಿಯಲ್ಲಿ ಹೋರಿಗರುಗಳ ಬೀಜ ತೆಗೆಯುವ ಕೆಲಸ ಶುರುವಾಗಿತ್ತು. ಬೆಳೆಯುವ ಚಂದ್ರನಲ್ಲಿ ಕತ್ತರಿಸಿದರೆ ರಕ್ತ ನಿಲ್ಲುವುದಿಲ್ಲ ಎಂಬುದು ಬೆನಿ ಬಯಲಿನಲ್ಲಿ ದನ ಸಾಕುವವರ ನಂಬಿಕೆ. ಚಳಿಯಲ್ಲಿ ಕತ್ತರಿಸಿದರೆ ಗಾಯಕ್ಕೆ ನೊಣ ಕೂರುವುದಿಲ್ಲ ಎಂಬುದು ಮಾತ್ರ ಎಲ್ಲರೂ ಕಣ್ಣಾರೆ ಕಂಡದ್ದು. ಬೆಳಗಿನಿಂದ ನಲವತ್ತು ಕರುಗಳದು ಮುಗಿದಿತ್ತು. ಇನ್ನೂ ಇನ್ನೂರು, ತಾಯಂದಿರಿಂದ ಬೇರೆಯಾಗಿ, ಬೇಲಿಯಾಚೆ ಅರಚುತ್ತಿದ್ದವು.

ಕುದುರೆಯ ಮೇಲಿದ್ದವನು ತೊಗಲ ಹಗ್ಗದ ಉರುಳು ಎಸೆದು ಕರುವಿನ ಹಿಂಗಾಲು ಹಿಡಿಯುತ್ತಿದ್ದ. ಯೆರ್ಕೊ ಓಡಿಹೋಗಿ ಒಂದು ಕೈಯಲ್ಲಿ ಅದರ ಕಿವಿ, ಇನ್ನೊಂದರಲ್ಲಿ ಪಕ್ಕೆಯ ತೊಗಲು ಹಿಡಿದು, ಮೊಣಕಾಲು ಕೊಟ್ಟು ಕೆಡವುತ್ತಿದ್ದ. ಇನ್ನೂರು ಕಿಲೋ ತೂಗುವ ಪ್ರಾಣಿ ಧೊಪ್ಪನೆ ಬಿದ್ದು ಧೂಳು ಏಳುತ್ತಿತ್ತು. ಮೇಸ್ತ್ರಿ ಆಸ್ತೆರಿಯೊ ಬಾಯಲ್ಲಿ ಕಚ್ಚಿದ್ದ ಚಾಕುವನ್ನು ಕೈಗೆ ತೆಗೆದುಕೊಂಡು, ಎರಡು ಗೀರು ಹಾಕಿ, ಬೀಜಗಳನ್ನು ಎಳೆದು ಬಕೆಟ್ಟಿಗೆ ಎಸೆಯುತ್ತಿದ್ದ. ಆಮೇಲೆ ತೊಡೆಯ ಮೇಲೆ ಹಟ್ಟಿಯ ಗುರುತಿನ ಬರೆ. ಬರೆಯ ಕಬ್ಬಿಣವನ್ನು ಕೆಂಡದಲ್ಲಿ ಕಾಯಿಸಿ ತಂದುಕೊಡುವುದು ರೆಮೀಹಿಯೊನ ಪಾಲಿನ ಕೆಲಸ.

ಬೆಂಕಿ ಕಾಯುವುದು ಮುದುಕರ ಕೆಲಸ. ರೆಮೀಹಿಯೊನಿಗೆ ಇಪ್ಪತ್ತೊಂಬತ್ತು. ಹೋದ ವರ್ಷದವರೆಗೂ ಈ ಹಟ್ಟಿಯಲ್ಲಿ ಕರು ಕೆಡವುವವನು ಅವನೇ. ದಿನಕ್ಕೆ ನೂರಿಪ್ಪತ್ತು ಕೆಡವಿ, ಸಂಜೆ ಹೊಳೆಗೆ ಹೋಗಿ ಈಜಿ ಬರುತ್ತಿದ್ದ. ಈಗ ಕಬ್ಬಿಣದ ಸಲಾಕೆ ಹಿಡಿದು ಇಪ್ಪತ್ತು ಹೆಜ್ಜೆ ನಡೆದರೆ ಎದೆ ಬಡಿದುಕೊಳ್ಳುತ್ತಿತ್ತು. ಅದು ಯಾರಿಗೂ ತಿಳಿಯದಿರಲಿ ಎಂದು ಅವನು ಪ್ರತಿ ಸಲವೂ ಬೆಂಕಿಯ ಹತ್ತಿರ ಬಗ್ಗಿ ಕೆಂಡ ಕೆದಕುವವನಂತೆ ನಟಿಸಿ ಉಸಿರು ತೆಗೆದುಕೊಳ್ಳುತ್ತಿದ್ದ.

"ಏ ರೆಮಿ, ಚಳಿಗಾಲದಲ್ಲಿ ನಿನ್ನಂಥ ಪುಣ್ಯವಂತ ಇಲ್ಲ ಬಿಡಪ್ಪ," ಎಂದು ಉರುಳಿನವನು ಕುದುರೆಯ ಮೇಲಿನಿಂದಲೇ ಕೂಗಿದ. "ಹಂಗೇ ನಮಗೊಂದಿಷ್ಟು ಕಾಫಿನೂ ಕಾಯಿಸಿಬಿಡು!"

"ಕಾಫಿ ಕಾಯಿಸ್ತೀನಿ, ನಿನ್ನ ಉರುಳು ನೆಟ್ಟಗೆ ಬೀಳಲಿ ಮೊದಲು," ಎಂದ ರೆಮೀಹಿಯೊ. ನಾಲ್ವರು ನಕ್ಕರು. ಮಾತಿಗೆ ಮಾತು ಕೊಡುವಷ್ಟು ಅವನಲ್ಲಿ ಇನ್ನೂ ಇತ್ತು.

ಮಧ್ಯಾಹ್ನ ಕೆಲಸ ನಿಂತಾಗ ಬಕೆಟ್ಟಿನಲ್ಲಿದ್ದುದನ್ನು ತೊಳೆದು, ಉಪ್ಪು ಸವರಿ, ಬರೆ ಕಾಯಿಸಿದ ಕೆಂಡದ ಮೇಲೆಯೇ ಸುರಿದರು. ಸಿಪ್ಪೆ ಬಿರಿದು ಸಿಡಿಯುವ ಸದ್ದಿಗೆ ನಾಯಿಗಳು ಬಂದು ಕೂತವು. ಮೊದಲ ತುತ್ತು ಕೆಡವಿದವನಿಗೆ. ಅದು ಹಟ್ಟಿಯ ಪದ್ಧತಿ. ಯೆರ್ಕೊ ತನ್ನ ಚಾಕುವಿನ ತುದಿಗೆ ಎರಡು ಚುಚ್ಚಿಕೊಂಡು, ತಿನ್ನದೆ, ಎಲ್ಲರಿಗೂ ಕಾಣುವ ಹಾಗೆ ರೆಮೀಹಿಯೊನ ತಟ್ಟೆಗೆ ಹಾಕಿದ.

"ತಿನ್ನಣ್ಣ. ನಲವತ್ತು ಹೋರಿದು ಸೇರಿದ್ರೂ ಒಬ್ಬ ಗಂಡಸಿಗೆ ಸಾಲಲ್ಲ ಅಂದ್ರೆ ಹೆಂಗೆ?"

ದೊಡ್ಡಿಯೇ ಬಿದ್ದುಹೋಗುವಂತೆ ನಗೆ ಎದ್ದಿತು. ರೆಮೀಹಿಯೊನೂ ನಕ್ಕ. ನಗದಿದ್ದರೆ ಆ ಮಾತು ಸಂಜೆಯವರೆಗೂ ಉರುಳಿ ಉರುಳಿ ಬರುತ್ತದೆಂದು ಅವನಿಗೆ ಗೊತ್ತಿತ್ತು. ನಾಲ್ಕು ವರ್ಷ ತಾನೂ ಬೇರೆಯವರಿಗೆ ಹೀಗೆಯೇ ಬಡಿಸಿದ್ದ. ಅಡುಗೆಮನೆಯ ಬಾಗಿಲಲ್ಲಿ ಅವನ ಹೆಂಡತಿ ನೆಲ್ವಿ ಒರಳಿನಲ್ಲಿ ಬಾಳೆಕಾಯಿ ಮತ್ತು ಒಣಮಾಂಸ ಕುಟ್ಟುತ್ತಿದ್ದಳು. ಒನಕೆಯ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಊಟವಾದ ಮೇಲೆ ಆಸ್ತೆರಿಯೊ ಅವನನ್ನು ಬೇಲಿಯ ಕಡೆ ಕರೆದ. ಆಸ್ತೆರಿಯೊ ನೆಲ್ವಿಯ ಸೋದರಮಾವ. ತಾಯಿ ಸತ್ತ ಮೇಲೆ ಅವಳನ್ನು ಬೆಳೆಸಿದವನು. ಹಾಗಾಗಿ ರೆಮೀಹಿಯೊನಿಗೂ ಅವನು ಮಾವನೇ.

"ನಾಳೆ ಡಾಕ್ಟ್ರು ಬರೋ ದಿನ ಅಲ್ವೇನೋ ಅಳಿಯ?"

"ಹೂಂ ಮಾವ."

"ಹೋಗ್ಬಾ. ಹಾಲಿನ ಟ್ರಕ್ಕು ಬೆಳಗಿನ ಜಾವ ನಾಲ್ಕಕ್ಕೆ ಹೊರಡುತ್ತೆ, ನಾನು ಹೇಳಿದ್ದೀನಿ." ಮುದುಕ ಚಾಕುವನ್ನು ಪ್ಯಾಂಟಿಗೆ ಒರೆಸಿದ. "ನೋಡು, ನಿನಗೆ ಸೊಂಟ ಹಿಡ್ಕೊಂಡಿದೆ, ಸರಿಹೋಗುತ್ತೆ ಅಂತ ಎಂಟು ತಿಂಗಳಿಂದ ಯಜಮಾನ್ರ ಕಿವಿಗೆ ಹೂವಿಡ್ತಾ ಬಂದಿದ್ದೀನಿ. ಭಾನುವಾರ ಅವ್ರೇ ಬರ್ತಾರೆ. ನೀವಿಬ್ರು ಇರೋ ತಗಡಿನ ಮನೆ ಇದ್ಯಲ್ಲ, ಅದು ಕರು ಕೆಡವೋನಿಗೆ ಅಂತ ಇರೋದು. ಯೆರ್ಕೊ ಆಗ್ಲೇ ಕೇಳ್ತಿದ್ದಾನೆ, ಹುಡುಗಿ ಗೊತ್ತಾಗಿದ್ಯಂತೆ. ಈ ಸುತ್ತು ಮುಗಿಯೋದ್ರೊಳಗೆ ನೀನು ದೊಡ್ಡಿಗೆ ಇಳೀಬೇಕು ಕಣೋ."

"ಇಳೀತೀನಿ."

"ಇಳೀತೀನಿ ಅಂದ್ರೆ ಸಾಲದು." ಆಸ್ತೆರಿಯೊ ಟೋಪಿ ಹಾಕಿಕೊಂಡ.

ಹಟ್ಟಿಯ ಔಷಧದ ಕಪಾಟಿನಲ್ಲಿ, ಹುಳದ ಪುಡಿ ಮತ್ತು ಹಾವು ಕಡಿತದ ಸೂಜಿಯ ಪಕ್ಕದಲ್ಲಿ, ಆ ಬಾಟಲಿ ಯಾವಾಗಲೂ ಇರುತ್ತಿತ್ತು. ಒಣಗಾಲ ಬಂತೆಂದರೆ ದನ ಕೂಡಿಸುವ ಮೊದಲು ಸವಾರಿ ಕುದುರೆಗಳಿಗೆಲ್ಲ ಸೂಜಿಯಲ್ಲಿ ಹಾಕುತ್ತಿದ್ದ, ಗಂಡುಕಸುವು ಏರಿಸುವ ಎಣ್ಣೆಯಂಥ ಮದ್ದು. ಬಡಕಲು ಕುದುರೆ ಮೂರು ವಾರದಲ್ಲಿ ಕತ್ತು ದಪ್ಪ ಮಾಡಿಕೊಂಡು ನೆಲ ಕೆರೆಯುತ್ತಿತ್ತು. ಅದನ್ನು ಮೊದಲು ತನಗೆ ಹಾಕಿಕೊಂಡವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ರೆಮೀಹಿಯೊ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಶುರುಮಾಡಿದ. ಲೆಕ್ಕ ಸುಲಭವಾಗಿತ್ತು. ಕುದುರೆ ನಾನ್ನೂರು ಕಿಲೋ, ಅದಕ್ಕೆ ಸಿರಿಂಜಿನ ಹತ್ತು ಗೆರೆ. ತಾನು ಎಪ್ಪತ್ತು ಕಿಲೋ, ತನಗೆ ಎರಡು. ದನದ ತೂಕವನ್ನು ಕಣ್ಣಲ್ಲೇ ಅಳೆಯುವ ಜನಕ್ಕೆ ತಮ್ಮ ತೂಕ ಅಳೆಯುವುದೇನು ಕಷ್ಟ? ಕುದುರೆಗೆ ಹಾಕುವ ದಿನವೇ ತಾವೂ ಹಾಕಿಕೊಳ್ಳುವರು. ನೆರೆಗಾಲದಲ್ಲಿ ಬಯಲೆಲ್ಲ ನೀರಾಗಿ ಕೆಲಸ ನಿಂತಾಗ ಕುದುರೆಗಳಿಗೆ ನಿಲ್ಲಿಸಿದಂತೆ ತಾವೂ ನಿಲ್ಲಿಸುವರು. ಕುದುರೆಗೆ ಏನೂ ಆಗುತ್ತಿರಲಿಲ್ಲ. ಹಟ್ಟಿಯ ಸವಾರಿ ಕುದುರೆಗಳೆಲ್ಲ ಮೊದಲೇ ಬೀಜ ಒಡೆದವು ಎಂಬುದನ್ನು ಅಷ್ಟು ಜನರಲ್ಲಿ ಒಬ್ಬನೂ ಯೋಚಿಸಲಿಲ್ಲ.

ಏಳು ಒಣಗಾಲ ಹೀಗೆ ನಡೆಯಿತು. ಪ್ರತಿ ನೆರೆಗಾಲದಲ್ಲಿ ಮೈ ಇಳಿಯುವುದು ಹಿಂದಿನದಕ್ಕಿಂತ ಹೆಚ್ಚಾಗುತ್ತ ಬಂತು. ಬೆಳಗ್ಗೆ ಏಳಲು ಮನಸ್ಸಾಗುತ್ತಿರಲಿಲ್ಲ. ಗಡ್ಡ ವಾರಕ್ಕೊಮ್ಮೆ ಹೆರೆದರೆ ಸಾಕಾಯಿತು. ಸಣ್ಣಪುಟ್ಟದ್ದಕ್ಕೆ ಕಣ್ಣಲ್ಲಿ ನೀರು ಬರುತ್ತಿತ್ತು. ಸತ್ತ ಕರುವನ್ನು ನೆಕ್ಕುತ್ತ ನಿಂತ ಹಸುವನ್ನು ನೋಡಿ ಒಮ್ಮೆ ದೋಣಿಯಲ್ಲಿ ಕೂತು ಬಿಕ್ಕಿದ್ದ. ಹಾಸಿಗೆಯಲ್ಲಿ ನೆಲ್ವಿ ಕೈ ಹಾಕಿದರೆ ನಿದ್ದೆ ಬಂದವನಂತೆ ಮಲಗಿರುತ್ತಿದ್ದ. ಮದುವೆಯಾಗಿ ನಾಲ್ಕು ವರ್ಷವಾದರೂ ಮಗುವಿರಲಿಲ್ಲ. ನೆಲ್ವಿ ಅವನಿಗಿಂತ ನಾಲ್ಕು ವರ್ಷ ದೊಡ್ಡವಳು. ಔಷಧದ ಕಪಾಟಿನ ಬೀಗದ ಕೈ ಇದ್ದದ್ದು ಅವಳ ಬಳಿಯೇ. ಕರುಗಳಿಗೆ ಲಸಿಕೆ ಹಾಕುವವಳೂ ಅವಳೇ. ಹೋದ ನವೆಂಬರಿನಲ್ಲಿ ಲಸಿಕೆಯ ಅಧಿಕಾರಿಯ ಜೊತೆ ಬಂದಿದ್ದ ದನದ ಡಾಕ್ಟರನ್ನು ಅವಳೇ ನೇರವಾಗಿ ಕೇಳಿದಳು. ಆತ ತಲೆ ಮೇಲೆ ಕೈ ಹೊತ್ತು, ಟ್ರಿನಿದಾದ್ ಪೇಟೆಯ ಆಸ್ಪತ್ರೆಗೆ ತಿಂಗಳಿಗೊಮ್ಮೆ ಸಾಂತಾ ಕ್ರೂಸಿನಿಂದ ಬರುವ ಡಾಕ್ಟರಮ್ಮನ ಹೆಸರು ಬರೆದುಕೊಟ್ಟ.

ಅಂದು ಅವಳು ಗಂಡನಿಗೆ ಹೇಳಿದ ಮಾತಿನಲ್ಲಿ ಮುಚ್ಚುಮರೆ ಇರಲಿಲ್ಲ. "ನೀನು ಅದನ್ನ ಬಿಡು. ಡಾಕ್ಟ್ರು ಹೇಳಿದ್ದು ಮಾಡು. ನಾನು ಕಾಯ್ತೀನಿ. ಆದ್ರೆ ಕೊನೆತನಕ ಕಾಯ್ತೀನಿ ಅಂತ ಆಣೆ ಇಡಲ್ಲ ರೆಮಿ. ನಂಗೆ ಮೂವತ್ತಮೂರು. ನಂಗೆ ಮಗು ಬೇಕು. ರಿಬೆರಾಲ್ತಾದಲ್ಲಿ ಅಕ್ಕ ಇದ್ದಾಳೆ, ಕಾಡುಬಾದಾಮಿ ಒಡೆಯೋ ಕಾರ್ಖಾನೆಲಿ ಕೆಲಸ ಕೊಡಿಸ್ತೀನಿ ಬಾ ಅಂತಾಳೆ. ಬೆನ್ನ ಹಿಂದೆ ಹೋದ್ಲು ಅಂತ ನೀನು ಅನ್ಬಾರ್ದು, ಅದಕ್ಕೇ ಈಗ್ಲೇ ಹೇಳ್ತಿದ್ದೀನಿ."

ಅವನು ಬಿಟ್ಟ. ತನ್ನದೇ ಗುರುತಿನ ಎರಡು ಹಸುಗಳನ್ನು ಮಾರಿ, ಒಳಗೆ ನಿದ್ದೆ ಹೋದದ್ದನ್ನು ಎಬ್ಬಿಸುವ ಸೂಜಿ ಎಂದು ಡಾಕ್ಟರಮ್ಮ ಬರೆದುಕೊಟ್ಟದ್ದನ್ನು ತಂದ. ಹಟ್ಟಿಯ ಲಸಿಕೆಯ ಮಂಜುಗಡ್ಡೆ ಪೆಟ್ಟಿಗೆಯಲ್ಲಿ ದನದ ಸೂಜಿಗಳ ನಡುವೆ ಅದನ್ನಿಟ್ಟು, ಮೂರು ತಿಂಗಳು ನೆಲ್ವಿಯೇ ಹಾಕಿದಳು. ರಕ್ತದಲ್ಲಿ ಗಂಡುಕಸುವು ಎಷ್ಟಿದೆ ಎಂದು ನೋಡುವ ಮೊದಲ ಪರೀಕ್ಷೆಯಲ್ಲಿ ನೂರಾ ಹತ್ತು ಎಂದು ಬಂದದ್ದು ಎರಡನೆಯದರಲ್ಲಿ ನೂರಾ ಮೂವತ್ತನಾಲ್ಕು ಆಯಿತು. ಕಡಿಮೆಯೆಂದರೂ ಮುನ್ನೂರು ಇರಬೇಕು ಎಂದಿದ್ದರು ಡಾಕ್ಟರಮ್ಮ. ಆದರೂ ಏರಿದೆಯಲ್ಲ ಎಂದು ಆ ದಿನ ನೆಲ್ವಿ ಕೋಳಿ ಕೊಯ್ದಳು. ಮೂರನೆಯ ಪರೀಕ್ಷೆಯ ಕಾಗದ ನಾಳೆ ಸಿಗಬೇಕಿತ್ತು. ಅವನು ಪೇಟೆಗೆ ಹೋಗಿ ಅದಕ್ಕೆ ರಕ್ತ ಕೊಟ್ಟು ಬಂದು ಹದಿನೈದು ದಿನವಾಗಿತ್ತು; ನೆಲ್ವಿ ಅದರ ಮಾತು ಒಮ್ಮೆಯೂ ಎತ್ತಿರಲಿಲ್ಲ.

ಪೇಟೆಯ ಆಸ್ಪತ್ರೆಯ ಹಿಂಭಾಗದ ಮೊಗಸಾಲೆಯಲ್ಲಿ ಒಂದೇ ಉದ್ದನೆಯ ಬೆಂಚು. ಹತ್ತು ಗಂಟೆಗೇ ಅದು ತುಂಬಿತ್ತು. ಡಾಕ್ಟರಮ್ಮ ಸಕ್ಕರೆ ಕಾಯಿಲೆಯನ್ನೂ ನೋಡುವುದರಿಂದ ಅರ್ಧ ಮಂದಿ ಅಜ್ಜಿಯರು. ಉಳಿದವರು ಹುಡುಗರು: ಬೈಕಿನ ಮೇಲೆ ಬಾಡಿಗೆಗೆ ಜನರನ್ನು ಒಯ್ಯುವವನೊಬ್ಬ, ತೋಳು ಬಿಗಿದ ಅಂಗಿ ತೊಟ್ಟು ಕನ್ನಡಕ ಹಾಕಿದವನೊಬ್ಬ, ಶಾಲೆಯ ಮೇಷ್ಟ್ರಂತೆ ಇಸ್ತ್ರಿ ಮಾಡಿಕೊಂಡು ಬಂದವನೊಬ್ಬ. ಅಜ್ಜಿಯರು ಕಾಗದಗಳನ್ನು ಒಬ್ಬರಿಗೊಬ್ಬರು ತೋರಿಸಿ ನಿನ್ನದೆಷ್ಟು ನನ್ನದೆಷ್ಟು ಎನ್ನುತ್ತಿದ್ದರು. ಹುಡುಗರು ಮಾತ್ರ ಲಕೋಟೆಯನ್ನು ತೊಡೆಯ ಕೆಳಗಿಟ್ಟುಕೊಂಡು ಗೋಡೆ ನೋಡುತ್ತಿದ್ದರು.

"ನಿಂಗೂ ಸಕ್ಕರೆನಾ ಮಗಾ, ಇಷ್ಟು ಚಿಕ್ಕ ವಯಸ್ಸಿಗೆ?" ಎಂದು ಒಬ್ಬ ಅಜ್ಜಿ ಕೇಳಿದಳು.

"ಹೂಂ ಅಜ್ಜಿ," ಎಂದ ರೆಮೀಹಿಯೊ.

ಪಕ್ಕದಲ್ಲಿ ಕೂತಿದ್ದವನು ಕಿಸಕ್ಕನೆ ನಕ್ಕ. ಅಗಲ ಎದೆ, ಕೆಂಪಗೆ ಮೊಡವೆಯೆದ್ದ ಕತ್ತು, ಸೊಂಟಕ್ಕೆ ಚಾಕುವಿನ ಖಾಲಿ ಒರೆ. ನೋಡಿದರೇ ಹಟ್ಟಿಯವನು. ಹೆಸರು ರೋಲ್ಫಿ ಎಂದ. ಹೊಳೆಯಾಚೆಯ ಹಟ್ಟಿ.

"ಇಲ್ಲಿ ಕೂತಿರೋ ಗಂಡಸರಿಗೆಲ್ಲ ಸಕ್ಕರೆನೇ," ಎಂದು ಅವನು ದನಿ ತಗ್ಗಿಸಿದ. "ನಿಂದು ಯಾವ ಬಾಟ್ಲಿ? ಕೆಂಪು ಮುಚ್ಚಳದ್ದಾ, ನೀಲಿದಾ?"

"ಕೆಂಪು."

"ನಂದೂ ಅದೇ. ಒಂಬತ್ತು ವರ್ಷ." ಅವನಿಗೆ ಅದರಲ್ಲಿ ಹೆಮ್ಮೆ ಇದ್ದಂತಿತ್ತು. "ಆಮೇಲೆ ಬಿದ್ದೆ ನೋಡು, ಹೆಂಗಸರ ಥರ. ತಡಿ ಎತ್ತಿ ಕುದುರೆ ಮೇಲೆ ಹಾಕೋಕೂ ಆಗ್ತಿರ್ಲಿಲ್ಲ. ಈಗ ಅದೇ ಥರದ್ದು, ಮನುಷ್ಯರ ಸೂಜಿ ಕೊಡ್ತಿದ್ದಾರೆ, ಮೂರು ವಾರಕ್ಕೊಂದು. ಹದಿನೈದೇ ದಿನಕ್ಕೆ ಎದ್ದು ನಿಂತೆ ಮಾರಾಯ. ಹೆಂಡ್ತಿ ಈಗ ಬೇರೆ ಹಾಸಿಗೆ ಕೇಳ್ತಾಳೆ!"

"ಜೀವನಪೂರ್ತಿನಾ?"

"ಹೂಂ ಮತ್ತೆ. ಹುಲ್ಲು ತಿನ್ನೋದೂ ಜೀವನಪೂರ್ತಿನೇ ಅಲ್ವಾ ದನಕ್ಕೆ?"

"ಮಕ್ಕಳು?"

"ನಂಗೆ ಮೊದ್ಲೇ ಎರಡಿವೆ." ರೋಲ್ಫಿ ಅವನ ಮುಖ ನೋಡಿದ. ಅವನ ನಗು ಸ್ವಲ್ಪ ಹೊತ್ತು ಮುಖದ ಮೇಲೆ ಹಾಗೇ ಉಳಿದು ಆಮೇಲೆ ಹೋಯಿತು. "ನಿಂಗಿಲ್ವಾ? ಹಂಗಾದ್ರೆ ನಿಂದು ಬೇರೆ ಲೆಕ್ಕ ಬಿಡು," ಎಂದು ಲಕೋಟೆಯನ್ನು ಬೀಸಣಿಗೆಯಂತೆ ಆಡಿಸಿದ. ಆ ಚಳಿಯಲ್ಲಿ ಬೀಸಿಕೊಳ್ಳುವಂಥದ್ದೇನೂ ಇರಲಿಲ್ಲ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಚಳಿಗೆ ಕೈಗವಸು ತೊಟ್ಟು ಕೂತಿದ್ದರು. ಕಾಗದವನ್ನು ಎರಡು ಸಲ ನೋಡಿ ಮೇಜಿನ ಮೇಲೆ ಅವನ ಕಡೆ ತಿರುಗಿಸಿಟ್ಟರು. ರೆಮೀಹಿಯೊನಿಗೆ ಅಕ್ಷರ ಅಷ್ಟಕ್ಕಷ್ಟೆ, ಅಂಕಿ ಬರುತ್ತಿತ್ತು. ತೊಂಬತ್ತೆಂಟು.

"ಅವತ್ತು ಬೆಳಗ್ಗೆ ಹತ್ತರೊಳಗೇ ರಕ್ತ ಕೊಟ್ರಾ?"

"ಆರಕ್ಕೇ ಬಂದು ಬಾಗಿಲಲ್ಲಿ ಕೂತಿದ್ದೆ ಅಮ್ಮ. ಮಧ್ಯಾಹ್ನ ಕೊಟ್ರೆ ಕಮ್ಮಿ ಬರುತ್ತೆ ಅಂತ ನೀವೇ ಹೇಳಿದ್ರಲ್ಲ."

"ವೀರ್ಯದ ಪರೀಕ್ಷೆಲೂ ಜೀವಾಣು ಸಿಕ್ಕಿಲ್ಲ. ಒಂದೂ ಇಲ್ಲ." ಅವರು ತಮ್ಮ ತಲೆಯನ್ನು ಮುಟ್ಟಿ ತೋರಿಸಿದರು. "ನೋಡಿ, ಇಲ್ಲಿಂದ ಕೂಗ್ತಾರೆ, ಕೆಲಸ ಶುರುಮಾಡಿ ಅಂತ. ನಿಮ್ಮದು ಕೂಗ್ತಾ ಇದೆ, ಗಂಟಲು ಹರ್ಕೊಂಡು ಕೂಗ್ತಾ ಇದೆ. ಕೆಳಗಡೆ ಕೇಳಿಸ್ಕೊಳ್ಳೋರು ಇಲ್ಲ. ಕೆಲವರದು ಏಳುತ್ತೆ. ಕೆಲವರದು ಏಳಲ್ಲ."

"ಇನ್ನೊಂದಾರು ತಿಂಗಳು ಬಿಟ್ರೆ?"

"ಬಿಡಬಹುದು. ಆದ್ರೆ ನಾನು ನಿಮ್ಮನ್ನ ಕಾಯಿಸಿ ಸುಳ್ಳು ಹೇಳಿದಂಗಾಗುತ್ತೆ. ನಿಮ್ಮ ಮೂಳೆ ಸವೀತಿದೆ, ರಕ್ತ ಕಮ್ಮಿಯಾಗಿದೆ. ರಾತ್ರಿ ನಿದ್ದೆ ಇಲ್ಲ ಅಂತೀರಿ. ಮನುಷ್ಯರ ಸೂಜಿ ಶುರುಮಾಡಿದ್ರೆ ಇದೆಲ್ಲ ಸರಿಹೋಗುತ್ತೆ. ದುಡೀತೀರಿ, ತಿಂತೀರಿ, ಹೆಂಡತಿ ಜೊತೆ ಚೆನ್ನಾಗಿರ್ತೀರಿ."

"ಮಗು?"

"ಆ ಸೂಜಿ ಹೊರಗಿಂದ ಬರುತ್ತೆ. ಬಂದಮೇಲೆ ಮೇಲಿನ ಕೂಗೂ ನಿಲ್ಲುತ್ತೆ. ಒಂದಿಷ್ಟು ಆಸೆ ಏನಾದ್ರೂ ಇದ್ರೆ ಅದೂ ಹೋಗುತ್ತೆ." ಅವರು ಚೀಟಿ ಬರೆದು, ಮುಂದಕ್ಕೆ ತಳ್ಳಿ, ಕೈ ಅದರ ಮೇಲೆಯೇ ಇಟ್ಟರು. "ಮನೇಲಿ ಕೇಳ್ಕೊಂಡು ಬನ್ನಿ."

ಔಷಧದ ಅಂಗಡಿಯ ಮುಂದೆ ರೆಮೀಹಿಯೊ ಎರಡು ಸಲ ಹಾದು ಹೋದ. ಮೂರನೆಯ ಸಲ ಒಳಗೆ ಹೋಗಿ ಒಂದೇ ಒಂದು ಸೂಜಿಮದ್ದು ಕೊಂಡ. ಹಳದಿ ಎಣ್ಣೆ ತುಂಬಿದ ಬೆರಳುದ್ದದ ಗಾಜು. ಯಾಕೆ ಕೊಂಡೆನೆಂದು ಅವನಿಗೇ ಹೇಳಲಾಗುತ್ತಿರಲಿಲ್ಲ. ಅದನ್ನು ಕರವಸ್ತ್ರದಲ್ಲಿ ಸುತ್ತಿ ಒಳಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿದ. ಪರೀಕ್ಷೆಯ ಕಾಗದವನ್ನು ಮಡಚಿ ಟೋಪಿಯ ಪಟ್ಟಿಯೊಳಗೆ ಸಿಕ್ಕಿಸಿದ.

ಮರುದಿನ ಹೊತ್ತೇರುವಾಗ ಅವನು ಹಟ್ಟಿ ಸೇರಿದ. ನೆಲ್ವಿ ಅಡುಗೆಮನೆಯಲ್ಲಿ ಮರಗೆಣಸಿನ ಹಿಟ್ಟನ್ನು ನೀರಿಗೆ ಕದಡಿ ಅವನ ಮುಂದಿಟ್ಟಳು. ಎದುರಿಗೆ ನಿಂತಳು, ಅಷ್ಟೆ.

"ಏರ್ತಾ ಇದೆಯಂತೆ," ಎಂದ ರೆಮೀಹಿಯೊ ಬಟ್ಟಲು ನೋಡುತ್ತ. "ನಿಧಾನ. ಇನ್ನೊಂದಾರು ತಿಂಗಳು ಕಾಯ್ಬೇಕು ಅಂದ್ರು."

"ಎಷ್ಟಾಗಿದೆ?"

"ನೂರಾ ಅರವತ್ತು."

"ಹೌದಾ," ಎಂದಳು ನೆಲ್ವಿ. ಅವನ ಟೋಪಿಯನ್ನು ತೆಗೆದು ಗೂಟಕ್ಕೆ ತೂಗುಹಾಕಿದಳು. "ಕುಡಿ. ತಣ್ಣಗಾಗೋಕೆ ಏನಿಲ್ಲ ಅದರಲ್ಲಿ, ಆದ್ರೂ ಕುಡಿ."

ಹೇಳಿದ ಸುಳ್ಳು ಅವನ ಕಾಲಿಗೆ ಒಂದು ಬಗೆಯ ಕಸುವು ಕೊಟ್ಟಿತೋ ಏನೋ, ಬಟ್ಟಲು ಖಾಲಿ ಮಾಡಿ ಎದ್ದವನೇ ನೆಟ್ಟಗೆ ದೊಡ್ಡಿಗೆ ನಡೆದ. ಕೊನೆಯ ಮೂವತ್ತು ಕರುಗಳು ಉಳಿದಿದ್ದವು. ಬೆಂಕಿಯ ಹತ್ತಿರ ಇನ್ಯಾರೋ ಮುದುಕ ಕೂತಿದ್ದ. ರೆಮೀಹಿಯೊ ಅಂಗಿಯ ತೋಳು ಮಡಿಸಿ ಬೇಲಿ ದಾಟಿದ.

"ಮಾವ, ನಾನು ಕೆಡವ್ತೀನಿ."

ಆಸ್ತೆರಿಯೊ ಬಾಯಲ್ಲಿದ್ದ ಚಾಕು ತೆಗೆದ. "ಡಾಕ್ಟ್ರು ಏನಂದ್ರು?"

"ಕೆಡವು ಅಂದ್ರು."

"ಯೆರ್ಕೊ, ಈಚೆ ಬಾ. ಅಣ್ಣ ಬಂದಿದ್ದಾನೆ," ಎಂದ ಆಸ್ತೆರಿಯೊ. ಅವನ ಮುಖದಲ್ಲಿ ಸಂತೋಷ ಕಂಡಿತು. ಅದನ್ನು ನೋಡಬಾರದಿತ್ತು ಎನ್ನಿಸಿತು ರೆಮೀಹಿಯೊನಿಗೆ.

ಮೊದಲನೆಯದು ಚಿಕ್ಕ ಕರು, ಬಿತ್ತು. ಎರಡನೆಯದಕ್ಕೆ ಅವನು ಸರಿಯಾಗಿಯೇ ಕಿವಿ ಹಿಡಿದ, ಸರಿಯಾಗಿಯೇ ಮೊಣಕಾಲು ಕೊಟ್ಟ. ಕೆಡವುವ ಕಲೆ ಕೈಯಲ್ಲಿ ಹಾಗೇ ಇತ್ತು. ಕೈಯ ಹಿಂದೆ ಬರಬೇಕಾದದ್ದು ಮಾತ್ರ ಬರಲಿಲ್ಲ. ಕರು ಒಂದು ಸಲ ಬೆನ್ನು ಬಾಗಿಸಿ ಒದರಿತು. ಅವನು ಕಿವಿ ಬಿಡಲಿಲ್ಲ. ಬಿಟ್ಟಿದ್ದರೆ ಬರಿದೇ ಬೀಳುತ್ತಿದ್ದ. ಬಿಡದೆ ಇದ್ದುದಕ್ಕೆ ಅದು ಅವನನ್ನು ದೊಡ್ಡಿಯ ಉದ್ದಕ್ಕೂ, ಸಗಣಿ, ರಕ್ತ, ಬೂದಿಯ ಮೇಲೆ ಎಳೆದುಕೊಂಡು ಹೋಗಿ ಬೇಲಿಯ ಗೂಟಕ್ಕೆ ಬಡಿದು ಮೇಲಿಂದ ಹಾರಿಹೋಯಿತು.

ಯಾರೂ ನಗಲಿಲ್ಲ. ಉರುಳಿನವನು ಕುದುರೆಯನ್ನು ಆ ಕಡೆ ತಿರುಗಿಸಿಕೊಂಡು ಹಗ್ಗ ಸುತ್ತತೊಡಗಿದ. ಆಸ್ತೆರಿಯೊ ಟೋಪಿ ತೆಗೆದು ಅದರೊಳಗೆ ನೋಡುತ್ತ ನಿಂತ. ರೆಮೀಹಿಯೊ ನಗೆಗಾಗಿ ಕಾದ. ಒಬ್ಬನಾದರೂ ಒಂದು ಮಾತು ಆಡಲಿ ಎಂದು ಕಾದ.

ಯೆರ್ಕೊ ಬಂದು ಕಂಕುಳಿಗೆ ಕೈಕೊಟ್ಟು ಎತ್ತಿದ. ಎತ್ತುವಾಗ ಕಿವಿಯ ಹತ್ತಿರ ಬಾಯಿ ತಂದ.

"ಅಣ್ಣ, ಬೇಜಾರ್ ಮಾಡ್ಕೋಬೇಡ. ಮೊನ್ನೆ ಅಂದಿದ್ದು ಸುಮ್ನೆ ತಮಾಷೆಗೆ." ಅವನು ಬೇಲಿಯ ಕಡೆ ಒಮ್ಮೆ ನೋಡಿದ. "ಆ ಡಾಕ್ಟ್ರು ಮುಂದಿನ ತಿಂಗಳು ಯಾವತ್ತು ಬರ್ತಾರೆ?"

ರೆಮೀಹಿಯೊ ಅವನ ಮುಖ ನೋಡಿದ. ಇಪ್ಪತ್ತೆರಡು ವರ್ಷ. ಕತ್ತು ಎತ್ತಿನಂತೆ.

"ಮೊದಲ್ನೇ ಗುರುವಾರ," ಎಂದ. "ರಕ್ತ ಹತ್ತು ಗಂಟೆ ಒಳಗೆ ಕೊಡ್ಬೇಕು."

ನೆಲ್ವಿ ಅವನನ್ನು ತಗಡಿನ ಮನೆಗೆ ಕರೆದುಕೊಂಡು ಹೋಗಿ ಮಂಚದ ಮೇಲೆ ಕೂರಿಸಿದಳು. ಪಕ್ಕೆ ಮುಟ್ಟಿ ನೋಡಿ, ಮೂಳೆ ಮುರಿದಿಲ್ಲ ಎಂದಳು. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಮುಖ, ಕತ್ತು, ತೋಳು ಒರೆಸಿದಳು. ಮೇಲಂಗಿ ಬಿಚ್ಚಿ, ಒಳಂಗಿ ಬಿಚ್ಚುವಾಗ ಜೇಬಿನ ಗುಂಡಿ ಅವಳ ಬೆರಳಿಗೆ ಸಿಕ್ಕಿತು. ಅವನು ಕೈ ಅಡ್ಡ ತಂದ. ತಂದ ಕೈಯನ್ನು ಅವಳು ಮೆಲ್ಲಗೆ ಪಕ್ಕಕ್ಕಿಟ್ಟಳು. ಕರವಸ್ತ್ರ ಬಿಚ್ಚಿ ನೋಡಿದಳು. ಅಷ್ಟು ಎಳೆದಾಡಿದರೂ ಗಾಜು ಒಡೆದಿರಲಿಲ್ಲ.

"ಇದು ಮನುಷ್ಯರದ್ದಾ?"

"ಹೂಂ."

"ಎಷ್ಟು ದಿನಕ್ಕೊಂದು?"

"ಮೂರು ವಾರಕ್ಕೆ." ಅವನು ಗಾಜಿಗೆ ಕೈ ಚಾಚಿದ. "ನಾನು ಹಾಕಿಸ್ಕೊಳ್ಳಲ್ಲ ನೆಲ್ವಿ. ಸುಮ್ನೆ ತಂದೆ. ಇನ್ನಾರು ತಿಂಗಳು—"

"ಆರು ತಿಂಗಳು ಅಂತ ಆ ಕಾಗದದಲ್ಲಿ ಎಲ್ಲೂ ಬರ್ದಿಲ್ಲ ರೆಮಿ." ಅವಳು ಕೋಪದಿಂದ ಹೇಳಲಿಲ್ಲ. "ನೀನು ದೊಡ್ಡಿಗೆ ಹೋದಾಗ ಟೋಪಿಲಿದ್ದಿದ್ದು ಓದಿದೆ. ತೊಂಬತ್ತೆಂಟು. ಅದರ ಕೆಳಗಡೆದೂ ಓದಿದೆ, ಒಂದೂ ಇಲ್ಲ ಅಂತ."

ಹೊರಗೆ ಬರೆ ಹಾಕಿದ ವಾಸನೆ ಗಾಳಿಯಲ್ಲಿ ಬಂತು. ಕೆಲಸ ಮತ್ತೆ ಶುರುವಾಗಿತ್ತು. ಯೆರ್ಕೊ ಕೆಡವಿದ ಕರುವಿನ ಧೊಪ್ಪೆಂಬ ಸದ್ದು ನೆಲದ ಮೂಲಕ ಮಂಚಕ್ಕೆ ತಿಳಿಯುತ್ತಿತ್ತು. ನೆಲ್ವಿ ಎದ್ದು ಅಡುಗೆಮನೆಗೆ ಹೋದಳು. ತಿರುಗಿ ಬಂದಾಗ ಅವಳ ಕೈಯಲ್ಲಿ ಕುದಿಸಿದ ಸಿರಿಂಜು, ಹತ್ತಿ, ಕಬ್ಬಿನ ಸಾರಾಯಿಯ ಬಾಟಲಿ ಇದ್ದವು.

"ಬೇಡ," ಎಂದ ರೆಮೀಹಿಯೊ. "ಇದು ಒಳಗೆ ಹೋದ್ರೆ ಎಲ್ಲ ಮುಗೀತು ಕಣೆ."

"ಮುಗಿದಿರೋದು ಅದರಿಂದ ಅಲ್ಲ."

"ಮಾವನಿಗೆ ಹೇಳಿ ಬೇರೆ ಎಲ್ಲಾದ್ರೂ ಹೋಗೋಣ. ಹಾಲು ಕರೆಯೋ ಕೆಲಸ, ಬೇಲಿ ಕೆಲಸ—"

"ಎದ್ದು ನಿಂತ್ಕೊಳ್ಳೋಕೆ ಆಗಲ್ಲ ನಿನಗೆ. ಭಾನುವಾರ ಯಜಮಾನ್ರು ಬರ್ತಾರೆ. ಇನ್ನು ಹದಿನೈದು ದಿನ ಕೊಡಿ ಅಂತ ಮಾವ ಕೇಳ್ಕೊಳ್ತಾನೆ, ನಾನು ಹೇಳ್ತೀನಿ ಅವನಿಗೆ. ಮನೆಯಾದ್ರೂ ಉಳೀಲಿ ನಿನಗೆ."

ನಿನಗೆ ಎಂಬ ಮಾತು ಇಬ್ಬರಿಗೂ ಕೇಳಿಸಿತು. ಅವಳು ಗಾಜನ್ನು ಬೆಳಕಿಗೆ ಹಿಡಿದು ನೋಡಿದಳು. ಚಳಿಗೆ ಎಣ್ಣೆ ಗಟ್ಟಿಯಾಗಿ, ಅಲ್ಲಾಡಿಸಿದರೂ ಗುಳ್ಳೆ ಮೇಲೇಳದೆ ನಡುವೆಯೇ ನಿಂತಿತ್ತು. ಅವಳು ಅದನ್ನು ಕಂಕುಳಲ್ಲಿಟ್ಟುಕೊಂಡು ಅವನ ಪಕ್ಕ ಮಂಚದ ಮೇಲೆ ಕೂತಳು. ಬೆಚ್ಚಗಾಗುವವರೆಗೂ ಇಬ್ಬರೂ ಹಾಗೇ ಕೂತಿದ್ದರು. ಅವಳ ತೋಳಿನ ಕಾವು ಅವನ ತೋಳಿಗೆ ಹತ್ತುತ್ತಿತ್ತು.

"ಯಾವಾಗ ಹೋಗ್ತೀಯ?" ಎಂದು ಅವನು ಕೊನೆಗೆ ಕೇಳಿದ.

"ಬುಧವಾರ ಟ್ರಕ್ಕಿದೆ. ನೀನು ಬಂದ ಟ್ರಕ್ಕಿನವನ ಕೈಲಿ ಅಕ್ಕನಿಗೆ ಹೇಳಿ ಕಳಿಸಿದ್ದೀನಿ."

"ಯಾವತ್ತು ಹೇಳಿ ಕಳಿಸ್ದೆ?"

"ನೀನು ನೂರಾ ಅರವತ್ತು ಅಂದು ದೊಡ್ಡಿಗೆ ಹೋದ್ಯಲ್ಲ, ಆವಾಗ." ಅವಳು ಗಾಜಿನ ಕತ್ತನ್ನು ಬಟ್ಟೆಯಲ್ಲಿ ಹಿಡಿದು ಟಕ್ಕನೆ ಮುರಿದಳು. "ನೀನು ನಿಜ ಹೇಳಿದ್ದಿದ್ರೆ ನಾನು ಏನು ಮಾಡ್ತಿದ್ನೋ ಗೊತ್ತಿಲ್ಲ. ಬಹುಶಃ ಇದನ್ನೇ. ಗೋಡೆ ಕಡೆ ತಿರುಗು."

ಅವನು ತಿರುಗಿ, ಪ್ಯಾಂಟು ಸ್ವಲ್ಪ ಸಡಿಲಿಸಿ, ಹಲಗೆ ಗೋಡೆಗೆ ಹಣೆ ಕೊಟ್ಟು ನಿಂತ. ಸಾರಾಯಿಯ ಹತ್ತಿ ತಣ್ಣಗೆ ತಾಗಿತು. ನೆಲ್ವಿ ಕರುವಿಗೆ ಹಾಕುವಾಗಿನಂತೆ ಮೊದಲು ಅಂಗೈಯಿಂದ ಎರಡು ಸಲ ತಟ್ಟಿ, ಮೂರನೆಯ ತಟ್ಟಿನ ಜೊತೆಗೆ ಚುಚ್ಚಿದಳು. ಎಣ್ಣೆ ನಿಧಾನವಾಗಿ ಇಳಿಯಿತು. ಇಳಿಯುವಷ್ಟು ಹೊತ್ತೂ ಅವಳ ಕೈ ಅಲ್ಲಾಡಲಿಲ್ಲ.

"ಮುಂದಿನದು ಯೆರ್ಕೊ ಕೈಲಿ ಹಾಕಿಸ್ಕೊ," ಎಂದಳು. "ಅವನದು ಒರಟು ಕೈ, ಆದ್ರೆ ನಡುಗಲ್ಲ. ಎಣ್ಣೆ ಬೆಚ್ಚಗೆ ಮಾಡ್ಕೊಳ್ಳೋಕೆ ಹೇಳು. ಇಲ್ದಿದ್ರೆ ಗಂಟು ಕಟ್ಟುತ್ತೆ."

"ಹೂಂ."

ಅವಳು ಸೂಜಿ ತೆಗೆದು ಹತ್ತಿ ಒತ್ತಿದಳು. ದೊಡ್ಡಿಯ ಕಡೆಯಿಂದ ಯಾರೋ ಬರೆಯ ಕಬ್ಬಿಣಕ್ಕಾಗಿ ಕೂಗಿದರು. ತಾಯಿಹಸುಗಳು ಒಂದೊಂದಾಗಿ ತಮ್ಮ ಕರುಗಳನ್ನು ಮೂಸಿ ಹುಡುಕುತ್ತ ಬೇಲಿಯ ಬಾಯಿಗೆ ಬರತೊಡಗಿದ್ದವು. ರಕ್ತ ಆಗಲೇ ನಿಂತಿತ್ತು. ಹತ್ತಿಯ ಮೇಲಿನ ಹೆಬ್ಬೆರಳನ್ನು ನೆಲ್ವಿ ತೆಗೆಯಲಿಲ್ಲ.